ತತ್ಕಾಲ್ ಗಡಿಬಿಡಿಗೆ ಮೊದಲೇ ಒಂದು ಬಿಡುವಿನ ಮಧ್ಯಾಹ್ನ

2025ರ ಮೇ 22ರಂದು ಬೆಳಗ್ಗೆ ಹತ್ತು ಗಂಟೆಗೆ ಐಆರ್‌ಸಿಟಿಸಿಯಲ್ಲಿ ಒಂದೇ ನಿಮಿಷಕ್ಕೆ 31,814 ಟಿಕೆಟ್‌ಗಳು ಬುಕ್ ಆದವು. ಎಸಿ ದರ್ಜೆಗಳ ತತ್ಕಾಲ್ ತೆರೆದುಕೊಳ್ಳುವ ಹೊತ್ತು ಅದು. ಅಲ್ಲಿಯವರೆಗಿನ ದಾಖಲೆ ಅದೇ ಎಂದು ರೈಲ್ವೆ ಹೇಳಿಕೊಂಡಿತು. ಜೊತೆಗೆ ಇನ್ನೊಂದು ಸಂಗತಿಯನ್ನೂ ಹೇಳಿತು. ತತ್ಕಾಲ್ ಶುರುವಾದ ಮೊದಲ ಐದು ನಿಮಿಷಗಳಲ್ಲಿ ನಡೆಯುವ ಲಾಗಿನ್ ಪ್ರಯತ್ನಗಳಲ್ಲಿ ಅರ್ಧದಷ್ಟರವರೆಗೆ ಬಾಟ್‌ಗಳದ್ದೇ, ಅಂದರೆ ಮನುಷ್ಯರ ಬದಲು ತಂತ್ರಾಂಶಗಳೇ ನಡೆಸುವಂಥವು. ಅನುಮಾನ ಬಂದು ನಿಷ್ಕ್ರಿಯಗೊಳಿಸಿದ ಬಳಕೆದಾರರ ಖಾತೆಗಳು ಎರಡೂವರೆ ಕೋಟಿಗೂ ಹೆಚ್ಚು.

ಈ ನೂಕುನುಗ್ಗಲಿಗೆ ಮೊದಲ ಬಾರಿ ಕಾಲಿಡುವವರು ಈಗಲೂ ಬಹಳ ಮಂದಿ ಇದ್ದಾರೆ. ಇಷ್ಟು ವರ್ಷ ಕೌಂಟರ್ ಮುಂದೆ ಸಾಲು ನಿಂತು ಚೀಟಿ ತುಂಬಿದವರು, ಮಗನಿಗೋ ಸೊಸೆಗೋ ಹೇಳಿ ಟಿಕೆಟ್ ಮಾಡಿಸಿಕೊಂಡವರು, ಊರಿನ ಬ್ರೌಸಿಂಗ್ ಸೆಂಟರ್ ಹುಡುಗನನ್ನೇ ನಂಬಿಕೊಂಡವರು. ದಸರೆಗೋ ಯುಗಾದಿಗೋ ಊರಿಗೆ ಹೊರಡಬೇಕು, ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ಸೀಟಿಲ್ಲ, ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ವೇಟಿಂಗ್ ಲಿಸ್ಟ್ ಅಂದಾಗ ತತ್ಕಾಲ್ ನೆನಪಾಗುತ್ತದೆ. ಬೆಳಗ್ಗೆ ಒಂಬತ್ತೂವರೆಗೆ ಕೂತು ಹೊಸ ಖಾತೆ ತೆರೆಯಲು ಹೊರಡುತ್ತಾರೆ. ಮೋಸ ಹೋಗುವುದಕ್ಕೆ ಇದಕ್ಕಿಂತ ಅನುಕೂಲದ ಹೊತ್ತು ಇನ್ನೊಂದಿಲ್ಲ. ಹುಡುಕಾಟದಲ್ಲಿ ಮೊದಲು ಕಂಡ ಕೊಂಡಿಯನ್ನು ಒತ್ತುವುದು, ಯಾರೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಆ್ಯಪ್ ಹಾಕಿಕೊಳ್ಳುವುದು, ಫೋನಿನಲ್ಲಿ ಕೇಳಿದವರಿಗೆ ಒಟಿಪಿ ಓದಿ ಹೇಳುವುದು ಎಲ್ಲವೂ ನಡೆಯುವುದು ಆ ಗಡಿಬಿಡಿಯಲ್ಲೇ. ಖಾತೆ ತೆರೆಯುವ ಕೆಲಸವನ್ನು ಟಿಕೆಟ್ ಬೇಕಾಗುವ ದಿನಕ್ಕೆ ಎಷ್ಟೋ ಮೊದಲೇ, ಬಿಡುವಾಗಿರುವ ಒಂದು ಮಧ್ಯಾಹ್ನ ಮುಗಿಸಿಬಿಟ್ಟರೆ ಅರ್ಧ ಅಪಾಯ ಅಲ್ಲಿಗೇ ಕಳೆಯಿತು.

ಈಗ ಅದು ಅನಿವಾರ್ಯವೂ ಹೌದು. 2025ರ ಜುಲೈ 1ರಿಂದ ಐಆರ್‌ಸಿಟಿಸಿಯ ತಾಣ ಮತ್ತು ಆ್ಯಪ್‌ನಲ್ಲಿ ತತ್ಕಾಲ್ ಟಿಕೆಟ್ ಸಿಗುವುದು ಆಧಾರ್ ದೃಢೀಕರಣ ಮಾಡಿಸಿಕೊಂಡ ಖಾತೆಗಳಿಗೆ ಮಾತ್ರ. ಜುಲೈ 15ರಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ಆಧಾರಿತ ಒಟಿಪಿಯೂ ಬೇಕು. ಅದೇ ವರ್ಷದ ಅಕ್ಟೋಬರ್ 1ರಿಂದ ಸಾಮಾನ್ಯ ರಿಸರ್ವೇಶನ್ ತೆರೆದ ಮೊದಲ 15 ನಿಮಿಷವನ್ನೂ ಇಂಥ ಖಾತೆಗಳಿಗೇ ಮೀಸಲಿಟ್ಟರು. ಆಮೇಲೆ ಆ ಅವಧಿಯನ್ನು ಹಿಗ್ಗಿಸುತ್ತಲೂ ಬಂದರು. ಮುಂಗಡ ಬುಕಿಂಗ್ ಅವಧಿ 2024ರ ನವೆಂಬರ್ 1ರಿಂದ 120 ದಿನಗಳಿಂದ 60ಕ್ಕೆ ಇಳಿದಿರುವುದರಿಂದ, ಹಬ್ಬಕ್ಕೆ ಎರಡು ತಿಂಗಳಿರುವಾಗಲೇ ಖಾತೆ ಸಿದ್ಧವಾಗಿದ್ದರೆ ಒಳ್ಳೆಯದು.

ಮೊದಲ ಹೆಜ್ಜೆ ವಿಳಾಸ. ಐಆರ್‌ಸಿಟಿಸಿ 2002ರಿಂದ ಆನ್‌ಲೈನ್ ಟಿಕೆಟ್ ಮಾರುತ್ತಿದೆ. ಅದರ ಟಿಕೆಟ್ ತಾಣದ ವಿಳಾಸ ಐಆರ್‌ಸಿಟಿಸಿ ಡಾಟ್ ಸಿಒ ಡಾಟ್ ಇನ್. ಇದನ್ನು ಬ್ರೌಸರ್‌ನ ವಿಳಾಸಪಟ್ಟಿಯಲ್ಲಿ ಕೈಯಾರೆ ಟೈಪ್ ಮಾಡುವುದೇ ಸರಿ. ಗೂಗಲ್‌ನಲ್ಲಿ ಹುಡುಕಿದರೆ ಮೇಲುಗಡೆ ಬರುವುದು ಹಲವು ಸಲ ಜಾಹೀರಾತು, ಅದಕ್ಕೆ ದುಡ್ಡು ಕೊಟ್ಟವರು ಯಾರೆಂದು ಒಂದು ನೋಟಕ್ಕೆ ತಿಳಿಯುವುದಿಲ್ಲ. ಒಮ್ಮೆ ಸರಿಯಾದ ಪುಟ ತೆರೆದ ಮೇಲೆ ಅದನ್ನು ಬುಕ್‌ಮಾರ್ಕ್ ಮಾಡಿಟ್ಟುಕೊಂಡರೆ ಮುಂದೆ ಹುಡುಕುವ ಪ್ರಮೇಯವೇ ಬರುವುದಿಲ್ಲ.

ನಕಲಿ ವಿಳಾಸ ಹೇಗಿರುತ್ತದೆ ಎನ್ನುವುದಕ್ಕೆ ನಿಜವಾದ ಎರಡು ಉದಾಹರಣೆಗಳನ್ನು ಹತ್ತಿರದಿಂದ ನೋಡಬಹುದು. 2023ರ ಆಗಸ್ಟ್‌ನಲ್ಲಿ ಐಆರ್‌ಸಿಟಿಸಿಯೇ ಸಾರ್ವಜನಿಕರನ್ನು ಎಚ್ಚರಿಸಿತು: ವಾಟ್ಸ್‌ಆ್ಯಪ್, ಟೆಲಿಗ್ರಾಂಗಳಲ್ಲಿ ತನ್ನ ಹೆಸರಿನ ಎಪಿಕೆ, ಅಂದರೆ ಆ್ಯಪ್ ಅಳವಡಿಸುವ ಕಡತವೊಂದು ಹರಿದಾಡುತ್ತಿದೆ, ಅದನ್ನು ಹಾಕಿಕೊಂಡರೆ ಫೋನಿನಲ್ಲಿರುವ ಬ್ಯಾಂಕ್ ವಿವರಗಳು ಕಳ್ಳರ ಪಾಲಾಗುತ್ತವೆ ಎಂದು. ಆ ಕಡತವನ್ನಿಟ್ಟಿದ್ದ ವಿಳಾಸ ಐಆರ್‌ಸಿಟಿಸಿ ಡಾಟ್ ಕ್ರೆಡಿಟ್‌ಮೊಬೈಲ್ ಡಾಟ್ ಸೈಟ್. ಎಡದಿಂದ ಓದಿದವರಿಗೆ ಮೊದಲು ಸಿಗುವುದು ಪರಿಚಯದ ಹೆಸರು, ಹಾಗಾಗಿ ನಂಬಿಕೆ ಬಂದುಬಿಡುತ್ತದೆ. ಆದರೆ ವಿಳಾಸದ ಯಜಮಾನ ಯಾರೆಂದು ತಿಳಿಯಬೇಕಾದರೆ ಓದಬೇಕಾದದ್ದು ಬಲದಿಂದ. ಮೊದಲ ಒಂಟಿ ಓರೆಗೆರೆಗೆ ಮುಂಚಿನ ಕೊನೆಯ ಭಾಗ ಯಾವುದು? ಇಲ್ಲಿ ಅದು ಕ್ರೆಡಿಟ್‌ಮೊಬೈಲ್ ಡಾಟ್ ಸೈಟ್. ಅದರ ಎಡಗಡೆ ಯಜಮಾನನು ಯಾರ ಹೆಸರನ್ನು ಬೇಕಾದರೂ ಅಂಟಿಸಬಹುದು, ಕೇಳುವವರಿಲ್ಲ.

ಎರಡನೆಯದು ತಿರುಪತಿಯದು. ಕರ್ನಾಟಕದಿಂದ ಹೋಗುವ ಭಕ್ತರು ದರ್ಶನದ ಟಿಕೆಟನ್ನೂ ವಸತಿಯನ್ನೂ ಕಾದಿರಿಸುವುದು ತಿರುಮಲ ತಿರುಪತಿ ದೇವಸ್ಥಾನಂಸ್ (ಟಿಟಿಡಿ) ತಾಣದಲ್ಲಿ. 2023ರಲ್ಲಿ ಅದರ ಅಧಿಕೃತ ವಿಳಾಸ ತಿರುಪತಿಬಾಲಾಜಿ ಡಾಟ್ ಎಪಿ ಡಾಟ್ ಜಿಒವಿ ಡಾಟ್ ಇನ್ ಆಗಿತ್ತು. ವಂಚಕರು ಮಾಡಿಟ್ಟಿದ್ದು ತಿರುಪತಿಬಾಲಾಜಿ, ಕಿರುಗೆರೆ, ಎಪಿ, ಕಿರುಗೆರೆ, ಜಿಒವಿ ಡಾಟ್ ಒಆರ್‌ಜಿ. ಚುಕ್ಕಿಯ ಜಾಗದಲ್ಲಿ ಕಿರುಗೆರೆ ಕೂತಿದೆ, ಅಷ್ಟೇ; ಆತುರದ ಕಣ್ಣಿಗೆ ಎರಡೂ ಒಂದೇ. ಟಿಟಿಡಿ ಇಂಥ ನಲವತ್ತಕ್ಕೂ ಹೆಚ್ಚು ನಕಲಿ ತಾಣಗಳನ್ನು ಗುರುತಿಸಿದ್ದಾಗಿ ಆಗ ತಿಳಿಸಿತ್ತು. ಮುಂದಿನ ವರ್ಷ ಅಧಿಕೃತ ವಿಳಾಸವನ್ನೇ ಟಿಟಿದೇವಸ್ಥಾನಮ್ಸ್ ಡಾಟ್ ಎಪಿ ಡಾಟ್ ಜಿಒವಿ ಡಾಟ್ ಇನ್ ಎಂದು ಬದಲಿಸಿತು. ಸರ್ಕಾರಿ ತಾಣವಾದರೆ ಬಲತುದಿಯಲ್ಲಿ ಜಿಒವಿ ಡಾಟ್ ಇನ್ ಇರುವುದು ಭರವಸೆಯ ಗುರುತು, ಏಕೆಂದರೆ ಆ ತುದಿಯನ್ನು ಖಾಸಗಿಯವರಿಗೆ ಕೊಡುವುದಿಲ್ಲ. ಐಆರ್‌ಸಿಟಿಸಿ ಕಂಪನಿಯಾದ್ದರಿಂದ ಅದರ ವಿಳಾಸದಲ್ಲಿ ಆ ಗುರುತಿಲ್ಲ, ಆದ್ದರಿಂದಲೇ ಅಕ್ಷರ ಅಕ್ಷರ ನೋಡಬೇಕು.

ವಿಳಾಸದ ಪಕ್ಕದ ಬೀಗದ ಚಿತ್ರ ನೋಡಿ ನಿಶ್ಚಿಂತರಾಗುವ ಅಭ್ಯಾಸ ಹಲವರಿಗಿದೆ. ಬೀಗ ಹೇಳುವುದು ಇಷ್ಟು ಮಾತ್ರ: ಫೋನಿಗೂ ಆ ತಾಣಕ್ಕೂ ನಡುವೆ ಹೋಗುವ ಮಾಹಿತಿಯನ್ನು ದಾರಿಯಲ್ಲಿ ಯಾರೂ ಓದಲಾರರು. ಆ ತುದಿಯಲ್ಲಿರುವವನು ಸಾಚಾ ಅಂತ ಅದು ಹೇಳುವುದಿಲ್ಲ. ಕಳ್ಳನ ತಾಣಕ್ಕೂ ಆ ಬೀಗ ತರುವ ಎಚ್‌ಟಿಟಿಪಿಎಸ್ ಪುಕ್ಕಟೆಯಾಗಿ ಸಿಗುತ್ತದೆ. ಈ ತಪ್ಪು ತಿಳಿವಳಿಕೆ ಎಷ್ಟು ಹರಡಿತ್ತೆಂದರೆ ಗೂಗಲ್ 2023ರಲ್ಲಿ ಕ್ರೋಮ್ ಬ್ರೌಸರಿನಿಂದ ಆ ಬೀಗದ ಚಿತ್ರವನ್ನೇ ತೆಗೆದು ಬೇರೆ ಗುರುತು ಹಾಕಿತು.

ಆ್ಯಪ್ ಬೇಕೆನ್ನುವವರಿಗೆ ಎರಡು ದಾರಿ. ಐಆರ್‌ಸಿಟಿಸಿ ರೈಲ್ ಕನೆಕ್ಟ್ ಹಳೆಯದು. ರೈಲ್‌ಒನ್ ರೈಲ್ವೆಯ ಮಾಹಿತಿ ವ್ಯವಸ್ಥೆ ಕೇಂದ್ರ ಕ್ರಿಸ್ 2025ರ ಜುಲೈ 1ರಂದು ತಂದದ್ದು. ಐಆರ್‌ಸಿಟಿಸಿ ಖಾತೆಯ ಹೆಸರು, ಪಾಸ್‌ವರ್ಡ್ ಇದ್ದವರು ಅದರಿಂದಲೇ ಇದರೊಳಗೂ ಹೋಗಬಹುದು, ಮುಂದೆ ಎಂಪಿನ್ ಅಥವಾ ಬೆರಳಚ್ಚಿನಲ್ಲಿ ತೆರೆಯಬಹುದು. ಎರಡನ್ನೂ ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರಿನಿಂದ ಮಾತ್ರ ಇಳಿಸಿಕೊಳ್ಳಬೇಕು. ಎಪಿಕೆ ಕಡತ ಕಳಿಸಿದವರು ಸ್ವಂತ ಅಣ್ಣನೇ ಆಗಿರಲಿ, ಅದನ್ನು ತೆರೆಯಬಾರದು. ಅಣ್ಣನ ಫೋನೇ ಕಳ್ಳರ ಕೈಗೆ ಸಿಕ್ಕಿ, ಅವನ ಹೆಸರಿನಲ್ಲಿ ತಾನಾಗಿಯೇ ಸಂದೇಶ ಹೊರಟಿರುವ ಪ್ರಕರಣಗಳಿವೆ.

ಇನ್ನು ಖಾತೆ. ಇಲ್ಲಿ ಹೆಚ್ಚಿನವರು ಲಘುವಾಗಿ ತೆಗೆದುಕೊಳ್ಳುವ, ಆದರೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಯೊಂದಿದೆ: ಖಾತೆಗೆ ಕೊಡುವ ಮೊಬೈಲ್ ಸಂಖ್ಯೆ ಮತ್ತು ಇಮೇಲ್ ಯಾರದು? ನೋಂದಣಿಯ ಒಟಿಪಿ ಬರುವುದು ಇವೆರಡಕ್ಕೆ. ಪಾಸ್‌ವರ್ಡ್ ಮರೆತಾಗ ಹೊಸದನ್ನು ಕೊಡುವುದೂ ಇವುಗಳ ಮೂಲಕವೇ. ಅಂದಮೇಲೆ ಖಾತೆಯ ನಿಜವಾದ ಒಡೆಯರು ಇವೆರಡನ್ನು ಕೈಯಲ್ಲಿಟ್ಟುಕೊಂಡವರು. ಊರಿನ ಬ್ರೌಸಿಂಗ್ ಸೆಂಟರ್‌ಗಳಲ್ಲಿ ಗಿರಾಕಿಗೆ ಇಮೇಲ್ ಇಲ್ಲವೆಂದು ಅಂಗಡಿಯವರು ತಾವೇ ಒಂದನ್ನು ಸೃಷ್ಟಿಸಿ, ಅದರ ಪಾಸ್‌ವರ್ಡನ್ನು ತಮ್ಮಲ್ಲೇ ಇಟ್ಟುಕೊಂಡು ಖಾತೆ ಮಾಡಿಕೊಡುವುದುಂಟು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲದಿರಬಹುದು, ಆದರೂ ಅದು ಮನೆ ಕಟ್ಟಿಸಿಕೊಂಡು ಬೀಗದ ಕೈಯನ್ನು ಮೇಸ್ತ್ರಿಯ ಬಳಿಯೇ ಬಿಟ್ಟ ಹಾಗೆ. ಆ ಖಾತೆಯಿಂದ ಬೇರೆಯವರಿಗೆ ಟಿಕೆಟ್ ಮಾರಿದರೆ ಹೆಸರು ಕೆಡುವುದು ಗಿರಾಕಿಯದು. ಅಧಿಕಾರವಿಲ್ಲದೆ ರೈಲು ಟಿಕೆಟ್ ವ್ಯಾಪಾರ ಮಾಡುವುದು 1989ರ ರೈಲ್ವೆ ಕಾಯ್ದೆಯ 143ನೇ ಕಲಮಿನಡಿ ಮೂರು ವರ್ಷದವರೆಗೆ ಜೈಲು, ಹತ್ತು ಸಾವಿರದವರೆಗೆ ದಂಡ ಅಥವಾ ಎರಡೂ ಆಗಬಹುದಾದ ಅಪರಾಧ. ಮನೆಯವರಿಗೆ, ನೆಂಟರಿಗೆ, ಸ್ನೇಹಿತರಿಗೆ ಲಾಭವಿಲ್ಲದೆ ಟಿಕೆಟ್ ಮಾಡಿಕೊಡುವುದಕ್ಕೆ ಅಡ್ಡಿಯಿಲ್ಲ ಎಂದು ಐಆರ್‌ಸಿಟಿಸಿ 2024ರಲ್ಲಿ ಸ್ಪಷ್ಟಪಡಿಸಿದೆ.

ಹಾಗಾಗಿ ಬಿಡುವಿನ ಮಧ್ಯಾಹ್ನದ ಮೊದಲ ಕೆಲಸ ಟಿಕೆಟ್ ತಾಣದ್ದಲ್ಲ, ಇಮೇಲಿನದು. ಸ್ವಂತ ಇಮೇಲ್ ತೆರೆದು, ಅದಕ್ಕೆ ಎರಡು ಹಂತದ ಭದ್ರತೆ ಹಾಕಿ, ಆಮೇಲೆ ಐಆರ್‌ಸಿಟಿಸಿಗೆ ಬರಬೇಕು. ಒಂದು ಮೊಬೈಲ್ ಸಂಖ್ಯೆಗೆ ಒಂದೇ ಖಾತೆ. ಸಂಖ್ಯೆಯನ್ನು ಹಾಕಿದಾಗ ಈಗಾಗಲೇ ನೋಂದಣಿಯಾಗಿದೆ ಎಂದು ಬಂದರೆ ಹಿಂದೆ ಯಾರೋ ಆ ಸಂಖ್ಯೆಯಲ್ಲಿ ಖಾತೆ ಮಾಡಿದ್ದಾರೆ ಎಂದರ್ಥ. ಹೊಸ ಸಿಮ್ ತರಲು ಓಡುವುದಕ್ಕಿಂತ ಪಾಸ್‌ವರ್ಡ್ ಮರುಹೊಂದಿಸಿ ಅದನ್ನು ವಶಕ್ಕೆ ತೆಗೆದುಕೊಳ್ಳುವುದು ಲೇಸು.

ಪಾಸ್‌ವರ್ಡ್ ವಿಚಾರದಲ್ಲಿ ಉಪದೇಶಗಳು ಸಾಕಷ್ಟಿವೆ, ಪಾಲಿಸುವಂಥದ್ದು ಕಡಿಮೆ. ಮಗಳ ಹೆಸರು, ಹುಟ್ಟಿದ ವರ್ಷ, ಮೊಬೈಲಿನ ಕೊನೆಯ ನಾಲ್ಕು ಅಂಕಿಗಳು ಬೇಡ. ಒಂದಕ್ಕೊಂದು ನಂಟಿಲ್ಲದ ಎರಡು ಮೂರು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ನಡುವೆ ಅಂಕಿ ಮತ್ತು ದೊಡ್ಡಕ್ಷರ ಸೇರಿಸಿ, ತಾಣ ಒಪ್ಪುವಷ್ಟು ಉದ್ದ ಮಾಡಿದರೆ ಊಹಿಸುವುದೂ ಕಷ್ಟ, ನೆನಪಿಡುವುದೂ ಸುಲಭ. ಇಮೇಲಿನ ಪಾಸ್‌ವರ್ಡನ್ನೇ ಇಲ್ಲಿಗೂ ಹಾಕುವುದು ದೊಡ್ಡ ತಪ್ಪು; ಒಂದು ತಾಣದಿಂದ ಸೋರಿದ ಪಾಸ್‌ವರ್ಡನ್ನು ಕಳ್ಳರು ಉಳಿದೆಲ್ಲ ತಾಣಗಳಲ್ಲೂ ತಿರುಗಿಸಿ ನೋಡುತ್ತಾರೆ. ಫೋನಿನಲ್ಲೇ ಇರುವ ಪಾಸ್‌ವರ್ಡ್ ಮ್ಯಾನೇಜರ್ ಬಳಸುವವರಿಗೆ ಇನ್ನೊಂದು ಲಾಭವಿದೆ. ಅದು ಪಾಸ್‌ವರ್ಡನ್ನು ತಾನಾಗಿ ತುಂಬುವುದು ವಿಳಾಸ ಕರಾರುವಾಕ್ಕಾಗಿ ಹೊಂದಿದಾಗ ಮಾತ್ರ. ಚುಕ್ಕಿಯ ಬದಲು ಕಿರುಗೆರೆ ಬಂದ ಪುಟದಲ್ಲಿ ಮನುಷ್ಯನ ಕಣ್ಣು ಮೋಸ ಹೋದರೂ ಅದು ಹೋಗುವುದಿಲ್ಲ, ಸುಮ್ಮನೆ ಕೂರುತ್ತದೆ. ಎಂದೂ ತುಂಬುವ ಪಾಸ್‌ವರ್ಡ್ ಇವತ್ತು ತುಂಬುತ್ತಿಲ್ಲವೆಂದರೆ ಕೈ ನಿಲ್ಲಿಸಿ ವಿಳಾಸ ನೋಡಬೇಕು.

ನೋಂದಣಿ ಮುಗಿದು ಮೊದಲ ಲಾಗಿನ್ ಆದ ಕೂಡಲೇ ಮಾಡಬೇಕಾದ್ದು ಆಧಾರ್ ದೃಢೀಕರಣ. ಮೈ ಅಕೌಂಟ್ ವಿಭಾಗದಲ್ಲಿ ಆಥೆಂಟಿಕೇಟ್ ಯೂಸರ್ ಎಂಬ ಆಯ್ಕೆ ಇದೆ. ತಾಣ ಇಂಗ್ಲಿಷ್ ಮತ್ತು ಹಿಂದಿಯಲ್ಲಿರುವುದರಿಂದ ಕನ್ನಡ ಮಾತ್ರ ಬಲ್ಲವರ ಪಕ್ಕದಲ್ಲಿ ಓದಿ ಹೇಳುವವರೊಬ್ಬರು ಕೂರುವುದು ವಾಸಿ. ಇಷ್ಟೊಂದು ಕನ್ನಡಿಗರು ಬಳಸುವ ಸೇವೆ ಕನ್ನಡದಲ್ಲಿ ಇಲ್ಲದಿರುವುದು ಸುರಕ್ಷತೆಯ ದೃಷ್ಟಿಯಿಂದಲೂ ಕೊರತೆಯೇ, ಏಕೆಂದರೆ ಓದಲು ಬಾರದ ಎಚ್ಚರಿಕೆ ಎಚ್ಚರಿಕೆಯಾಗುವುದಿಲ್ಲ. ಆಧಾರ್‌ನಲ್ಲಿರುವ ಹೆಸರು, ಹುಟ್ಟಿದ ದಿನಾಂಕ, ಲಿಂಗ ಈ ಮೂರೂ ಖಾತೆಯಲ್ಲಿರುವುದಕ್ಕೆ ಹೊಂದಬೇಕು. ನಮ್ಮಲ್ಲಿ ತೊಡಕಾಗುವುದು ಇಲ್ಲೇ. ಇನಿಷಿಯಲ್ ಹೆಸರಿನ ಮುಂದಿದೆಯೋ ಹಿಂದಿದೆಯೋ, ಊರಿನ ಹೆಸರು ಸೇರಿದೆಯೋ ಇಲ್ಲವೋ, ಲಕ್ಷ್ಮಿ ಎಂಬುದಕ್ಕೆ ಎಕ್ಸ್ ಬಳಸಿದ್ದಾರೋ ಕೆಎಸ್‌ಎಚ್ ಬಳಸಿದ್ದಾರೋ ಎಂದು ಆಧಾರ್ ಕಾರ್ಡನ್ನು ಎದುರಿಗಿಟ್ಟುಕೊಂಡೇ ಖಾತೆಯ ಹೆಸರು ತುಂಬಬೇಕು. ಶಾಲಾ ದಾಖಲೆಯ ಹೆಸರೋ ಮನೆಯಲ್ಲಿ ಕರೆಯುವ ಹೆಸರೋ ಇಲ್ಲಿ ನಡೆಯದು.

ಒಟಿಪಿ ಬರಲೇ ಇಲ್ಲ ಎನ್ನುವವರ ಕಷ್ಟಕ್ಕೆ ಹೆಚ್ಚಾಗಿ ಒಂದೇ ಕಾರಣ: ಆಧಾರ್ ಒಟಿಪಿ ಹೋಗುವುದು ಆಧಾರ್‌ಗೆ ಜೋಡಿಸಿದ ಸಂಖ್ಯೆಗೆ, ಐಆರ್‌ಸಿಟಿಸಿಗೆ ಕೊಟ್ಟ ಸಂಖ್ಯೆಗಲ್ಲ. ಹತ್ತು ವರ್ಷದ ಹಿಂದೆ ಆಧಾರ್ ಮಾಡಿಸಿದ ಅಪ್ಪ ಅಮ್ಮಂದಿರ ಕಾರ್ಡಿಗೆ ಜೋಡಿಸಿದ್ದು ಈಗ ಚಾಲ್ತಿಯಲ್ಲೇ ಇಲ್ಲದ ಸಂಖ್ಯೆಯಾಗಿರಬಹುದು. ಅದನ್ನು ಸರಿಪಡಿಸಿಕೊಳ್ಳದೆ ಮುಂದೆ ಹೋಗಲು ಆಗುವುದಿಲ್ಲ. ತತ್ಕಾಲ್ ದಿನ ಇದು ಗೊತ್ತಾದರೆ ಆ ಪ್ರಯಾಣದ ಆಸೆ ಬಿಟ್ಟಂತೆಯೇ.

ಆಧಾರ್ ಸಂಖ್ಯೆಯನ್ನೇ ತುಂಬಲು ಮನಸ್ಸಿಲ್ಲದವರು 16 ಅಂಕಿಗಳ ವರ್ಚುವಲ್ ಐಡಿ ಕೊಡಬಹುದು. ಆಧಾರ್ ನೀಡುವ ಸಂಸ್ಥೆ ಯುಐಡಿಎಐ 2018ರಲ್ಲಿ ತಂದ ಈ ಸೌಲಭ್ಯ ಅಷ್ಟಾಗಿ ಬಳಕೆಗೆ ಬಂದಿಲ್ಲ, ಬರಬೇಕಿತ್ತು. ನೋಂದಾಯಿತ ಮೊಬೈಲಿನಿಂದ ಜಿವಿಐಡಿ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ಆಧಾರ್‌ನ ಕೊನೆಯ ನಾಲ್ಕು ಅಂಕಿ ಸೇರಿಸಿ 1947ಕ್ಕೆ ಎಸ್‌ಎಂಎಸ್ ಮಾಡಿದರೆ ಅದು ಸಿಗುತ್ತದೆ. ಆಧಾರ್ ಜೋಡಿಸಿದ ಖಾತೆಯಲ್ಲಿ ತಿಂಗಳಿಗೆ 24 ಟಿಕೆಟ್‌ವರೆಗೆ ಮಾಡಿಸಬಹುದು, ಇಲ್ಲದಿದ್ದರೆ 12.

ಯಾವ ಯಂತ್ರದಲ್ಲಿ ಕೂರಬೇಕು ಎನ್ನುವುದೂ ಮುಖ್ಯ. ಸ್ವಂತ ಫೋನು, ಸ್ವಂತ ಡೇಟಾ ಇದ್ದರೆ ಅದೇ ಸರಿ. ಬ್ರೌಸಿಂಗ್ ಸೆಂಟರ್ ಕಂಪ್ಯೂಟರಿನಲ್ಲಿ ಒತ್ತುವ ಪ್ರತಿ ಕೀಲಿಯನ್ನೂ ದಾಖಲಿಸುವ ತಂತ್ರಾಂಶ ಇದ್ದರೆ ಗಿರಾಕಿಗೆ ತಿಳಿಯುವ ದಾರಿಯೇ ಇಲ್ಲ. ಅನಿವಾರ್ಯವಾದರೆ ಖಾಸಗಿ ವಿಂಡೋ ತೆರೆಯಬೇಕು, ಪಾಸ್‌ವರ್ಡ್ ಉಳಿಸಲೇ ಎಂದು ಬ್ರೌಸರ್ ಕೇಳಿದರೆ ಬೇಡ ಎನ್ನಬೇಕು, ಕೆಲಸ ಮುಗಿದ ಮೇಲೆ ಲಾಗ್‌ಔಟ್ ಮಾಡಿ, ಮನೆಗೆ ಬಂದು ತಮ್ಮ ಫೋನಿನಿಂದ ಪಾಸ್‌ವರ್ಡ್ ಬದಲಿಸಬೇಕು.

ಖಾತೆ ತೆರೆದ ಮೇಲೆ ಪ್ರಯಾಣಿಕರ ವಿವರವನ್ನು ಮಾಸ್ಟರ್ ಲಿಸ್ಟ್‌ನಲ್ಲಿ ಮೊದಲೇ ತುಂಬಿಟ್ಟರೆ ತತ್ಕಾಲ್ ಹೊತ್ತಿನಲ್ಲಿ ಟೈಪಿಂಗ್ ತಪ್ಪುತ್ತದೆ. ತತ್ಕಾಲ್‌ಗೇ ಕಾಯದೆ, ಅವಸರವಿಲ್ಲದ ಯಾವುದಾದರೂ ಪ್ರಯಾಣಕ್ಕೆ ಒಂದು ಟಿಕೆಟ್ ಮಾಡಿಸಿ ಹಣ ಪಾವತಿಯ ದಾರಿಯನ್ನೂ ಒಮ್ಮೆ ನಡೆದು ನೋಡುವುದು ಒಳ್ಳೆಯದು. ಪಾವತಿಯ ಪುಟ ಬ್ಯಾಂಕಿಗೆ ಹೋದಾಗ ವಿಳಾಸ ಮತ್ತೆ ನೋಡಬೇಕು: ರಿಸರ್ವ್ ಬ್ಯಾಂಕಿನ ಸೂಚನೆಯಂತೆ ಬ್ಯಾಂಕುಗಳು 2025ರ ಅಕ್ಟೋಬರ್ ಕೊನೆಯೊಳಗೆ ಬ್ಯಾಂಕ್ ಡಾಟ್ ಇನ್ ಎಂದು ಮುಗಿಯುವ ವಿಳಾಸಕ್ಕೆ ಬದಲಾಗಬೇಕಿತ್ತು. ರಾತ್ರಿ 11.45ರಿಂದ 12.20ರವರೆಗೆ ತಾಣ ದಿನವೂ ಬುಕಿಂಗ್ ನಿಲ್ಲಿಸುತ್ತದೆ; ಆಗ ಪುಟ ತೆರೆಯದಿದ್ದರೆ ಏನೋ ಕೆಟ್ಟಿತೆಂದು ಗಾಬರಿಯಾಗಿ ಸಹಾಯವಾಣಿ ಹುಡುಕುವುದು ಬೇಡ.

ಸಹಾಯವಾಣಿ ಹುಡುಕಾಟದಲ್ಲೇ ಬಹಳ ಜನ ಬಿದ್ದಿದ್ದಾರೆ. ಮುಂಬೈಯ ಮಹಿಳೆಯೊಬ್ಬರು ತಮ್ಮ ಆರ್‌ಎಸಿ ಟಿಕೆಟ್ ಖಚಿತವಾಗುತ್ತದೆಯೇ ಎಂದು ಕೇಳಿ ಟಿಕೆಟ್ ವಿವರವನ್ನೂ ಮೊಬೈಲ್ ಸಂಖ್ಯೆಯನ್ನೂ ಟ್ವಿಟ್ಟರಿನಲ್ಲಿ ಹಾಕಿದರು. ಸ್ವಲ್ಪ ಹೊತ್ತಿಗೆ ಐಆರ್‌ಸಿಟಿಸಿಯವರ ಸೋಗಿನಲ್ಲಿ ಕರೆ ಬಂತು, ಕೊಂಡಿಯೊಂದು ಬಂತು, ಎರಡು ರೂಪಾಯಿ ಪಾವತಿಸಿ ಎಂದರು. ಖಾತೆಯಿಂದ ಹೋದದ್ದು ಸುಮಾರು 64 ಸಾವಿರ. ಈ ಸುದ್ದಿ 2023ರ ಜನವರಿಯಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಅಲ್ಲಿ ಪಾಸ್‌ವರ್ಡ್ ಕದಿಯುವ ಗೋಜಿಗೇ ಯಾರೂ ಹೋಗಲಿಲ್ಲ. ಪಿಎನ್‌ಆರ್ ಸಂಖ್ಯೆ, ಟಿಕೆಟಿನ ಚಿತ್ರ, ಮೊಬೈಲ್ ಸಂಖ್ಯೆ ಇವನ್ನು ಬಹಿರಂಗವಾಗಿ ಹಾಕುವುದೆಂದರೆ ಕರೆ ಮಾಡುವವನ ಕೈಗೆ ಮಾತಿನ ಸಾಮಗ್ರಿ ಕೊಟ್ಟಂತೆ. ರೈಲಿನ ಹೆಸರು, ಹೊರಡುವ ದಿನ ಎಲ್ಲ ಸರಿಯಾಗಿ ಹೇಳಿದವನನ್ನು ಯಾರು ಅನುಮಾನಿಸುತ್ತಾರೆ?

ಐಆರ್‌ಸಿಟಿಸಿಯ ಸಹಾಯವಾಣಿ 14646. ರೈಲ್ವೆಯ ವಿಚಾರಣೆ ಮತ್ತು ದೂರಿಗೆ 139. ಇವನ್ನು ಈಗಲೇ ಫೋನಿನಲ್ಲಿ ಹೆಸರು ಹಾಕಿ ಉಳಿಸಿಟ್ಟರೆ ಗೂಗಲ್‌ನಲ್ಲಿ ಹುಡುಕುವ ಪ್ರಸಂಗ ಬರುವುದಿಲ್ಲ. ರದ್ದಾದ ಟಿಕೆಟಿನ ಹಣ ಯಾವ ಖಾತೆಯಿಂದ ಹೋಗಿತ್ತೋ ಅಲ್ಲಿಗೇ ತಾನಾಗಿ ವಾಪಸಾಗುತ್ತದೆ, ಅದಕ್ಕೆ ಒಟಿಪಿಯಾಗಲಿ ಯುಪಿಐ ಪಿನ್ ಆಗಲಿ ಬೇಕಿಲ್ಲ. ಯುಪಿಐ ಪಿನ್ ಒತ್ತಿದರೆ ಹಣ ಹೋಗುತ್ತದೆಯೇ ಹೊರತು ಬರುವುದಿಲ್ಲ. ಎನಿಡೆಸ್ಕ್‌ನಂಥ ಪರದೆ ಹಂಚುವ ಆ್ಯಪ್ ಹಾಕಿಕೊಳ್ಳಿ ಎಂದವನ ಕರೆಯನ್ನು ಮರುಮಾತಿಲ್ಲದೆ ಕಡಿದುಹಾಕಬೇಕು.

ಇಷ್ಟರ ಮೇಲೂ ಹಣ ಹೋದರೆ ನಾಚಿಕೆಯಿಂದ ಸುಮ್ಮನಿರುವವರೇ ಹೆಚ್ಚು, ಮತ್ತು ನಷ್ಟ ದೊಡ್ಡದಾಗುವುದು ಆ ಮೌನದಿಂದಲೇ. ಮೊದಲು ಬ್ಯಾಂಕಿಗೆ, ಕೂಡಲೇ 1930ಕ್ಕೆ ಕರೆ ಮಾಡಬೇಕು. ಸೈಬರ್ ವಂಚನೆಯ ಈ ರಾಷ್ಟ್ರೀಯ ಸಹಾಯವಾಣಿಯವರು ಹಣ ಹೋದ ಖಾತೆಯನ್ನು ತಡೆಹಿಡಿಸಲು ಯತ್ನಿಸುತ್ತಾರೆ, ಹಣ ಇನ್ನೂ ಕೈದಾಟದಿದ್ದರೆ ಉಳಿಯುವ ಅವಕಾಶವಿದೆ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ ತಪ್ಪು ಬ್ಯಾಂಕಿನದೂ ಗ್ರಾಹಕನದೂ ಅಲ್ಲದೆ ಬೇರೆಲ್ಲೋ ಆಗಿದ್ದು, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನ ಮೇಲೆ ಹೊಣೆಯಿಲ್ಲ. ಒಟಿಪಿಯನ್ನು ತಾನೇ ಹೇಳಿಬಿಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದು. ತಿಳಿಸಿದ ನಂತರದ್ದು ಬ್ಯಾಂಕಿನದು.

ಕೊನೆಯದಾಗಿ ಸಿಮ್ ಬದಲಿಸುವವರಿಗೆ. ನಿಂತುಹೋದ ಮೊಬೈಲ್ ಸಂಖ್ಯೆಯನ್ನು ಕಂಪನಿಗಳು 90 ದಿನ ಕಳೆದ ಮೇಲೆ ಇನ್ನೊಬ್ಬರಿಗೆ ಕೊಡಬಹುದು. ಹಳೆಯ ಸಂಖ್ಯೆ ಚಾಲ್ತಿಯಲ್ಲಿರುವಾಗಲೇ ಆಧಾರ್, ಬ್ಯಾಂಕ್, ಇಮೇಲ್ ಮತ್ತು ಐಆರ್‌ಸಿಟಿಸಿ ನಾಲ್ಕರಲ್ಲೂ ಹೊಸ ಸಂಖ್ಯೆ ಹಾಕಿಸಿ, ಪ್ರತಿಯೊಂದಕ್ಕೂ ಒಂದೊಂದು ಒಟಿಪಿ ಹೊಸ ಫೋನಿಗೆ ಬರುವುದನ್ನು ನೋಡಿಕೊಂಡು, ಆಮೇಲೆ ಹಳೆಯ ಸಿಮ್ ಬಿಡಬೇಕು.